ಮೃದಂಗದ ಮೇಷ್ಟ್ರ ತಾಳ ತಪ್ಪಿರಲಿಲ್ಲ: ಸ್ಕಾರ್ಲೆಟ್ 2ಐ2 ಜೊತೆ ಎಂಟು ತಿಂಗಳು

ನಮ್ಮ ಬೀದಿಯ ಮೃದಂಗದ ಮೇಷ್ಟ್ರು ಮೂರು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ತಪ್ಪು ನನ್ನದೇ. "ಮೇಷ್ಟ್ರೇ, ನೀವು ಸ್ವಲ್ಪ ಹಿಂದೆ ಬೀಳ್ತಾ ಇದೀರಿ" ಅಂದುಬಿಟ್ಟಿದ್ದೆ. ನಲವತ್ತು ವರ್ಷದಿಂದ ಮೃದಂಗ ನುಡಿಸುವವರಿಗೆ ಹೇಳುವ ಮಾತಾ ಅದು? ಅವರು ಏನೂ ಹೇಳಲಿಲ್ಲ. ಮೃದಂಗಕ್ಕೆ ಗವಸು ಹಾಕಿದರು, ಕಾಫಿ ಲೋಟ ಅರ್ಧಕ್ಕೇ ಇಟ್ಟರು, ಮೆಟ್ಟಿಲಿಳಿದು ಹೋದರು.

ಈ ಕಥೆ ಯಾಕೆ ಅಂದರೆ, ನಾನು ಇಲ್ಲಿ ಬರೆಯುತ್ತಿರುವ ಪುಟ್ಟ ಕೆಂಪು ಡಬ್ಬಿಯನ್ನು, ಅಂದರೆ ಮೈಕು, ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ ಸ್ಕಾರ್ಲೆಟ್ 2ಐ2 ಆಡಿಯೋ ಇಂಟರ್‌ಫೇಸನ್ನು, ಕೊಂಡಿದ್ದೇ ಆ ಕಾರಣಕ್ಕೆ.

ನಾನು ವೀಣೆ ನುಡಿಸುತ್ತೇನೆ. ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಿಯಾದವಳು. ಹನುಮಂತನಗರದ ನಮ್ಮ ಮನೆ ಮಹಡಿಯ ಒಂದು ಕೋಣೆಯೇ ನನ್ನ ಸ್ಟುಡಿಯೋ. ನಗಬೇಡಿ. ಒಂದು ಕಡೆ ಬಟ್ಟೆ ಬೀರು, ಇನ್ನೊಂದು ಕಡೆ ಗೋಡೆಗೆ ಒರಗಿಸಿದ ಹಳೇ ಹಾಸಿಗೆ, ನಡುವೆ ಚಾಪೆ. ಬೆಳಗ್ಗೆ ಹತ್ತರವರೆಗೆ ಏನೂ ರೆಕಾರ್ಡ್ ಮಾಡುವ ಹಾಗಿಲ್ಲ. ಸೊಪ್ಪಿನವಳ ಕೂಗು, ಶಾಲೆ ವ್ಯಾನು, ಪಕ್ಕದ ಮನೆ ಕುಕ್ಕರ್. ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ಹೊತ್ತು.

ಮೊದಲು ನನ್ನ ಹತ್ತಿರ ಇದ್ದದ್ದು ಒಂದು ಯುಎಸ್‌ಬಿ ಮೈಕು, ಒಂದು ವಿಂಡೋಸ್ ಲ್ಯಾಪ್‌ಟಾಪ್, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಮೋಹನ ರಾಗದ ಒಂದು ವರ್ಣವನ್ನು ಮೊದಲು ವೀಣೆಯಲ್ಲಿ ನುಡಿಸಿ ಇಟ್ಟುಕೊಂಡೆ. ಆಮೇಲೆ ಮೇಷ್ಟ್ರನ್ನು ಕರೆದು ಹೆಡ್‌ಫೋನ್ ಕೊಟ್ಟೆ. ಅವರು ಅದನ್ನು ಕೇಳುತ್ತಾ ಮೃದಂಗ ನುಡಿಸಿದರು. ನುಡಿಸುವಾಗ ಎದುರು ಕೂತು ತಾಳ ಹಾಕುತ್ತಿದ್ದ ನನಗೆ ಎಲ್ಲ ಸರಿಯಾಗಿಯೇ ಕಂಡಿತು. ಎರಡನ್ನೂ ಸೇರಿಸಿ ಹಾಕಿದಾಗ ಮಾತ್ರ ಪ್ರತಿ ಪೆಟ್ಟೂ ಒಂಚೂರು ಹಿಂದೆ. ಇಡೀ ವರ್ಣ ಕುಂಟಿಕೊಂಡು ನಡೆದ ಹಾಗಿತ್ತು. ನಾನು ಕಂಪ್ಯೂಟರನ್ನು ನಂಬಿದೆ, ಮನುಷ್ಯರನ್ನು ನಂಬಲಿಲ್ಲ.

ಅಕ್ಕನ ಮಗ ಗಿಟಾರ್ ನುಡಿಸುತ್ತಾನೆ. ಅವನು ಬಂದಾಗ ಹೀಗಾಯಿತು ಅಂದೆ. "ಚಿಕ್ಕಮ್ಮ, ಅವರ ತಪ್ಪಲ್ಲ, ಲೇಟೆನ್ಸಿ" ಅಂದ. "ಹಾಗಂದ್ರೆ ಏನೋ?" ಅಂದೆ. ಹೆಡ್‌ಫೋನನ್ನು ಮೈಕಿನ ಮೂತಿಗೆ ಒತ್ತಿ ಹಿಡಿದ. ರೀಪರ್‌ನಲ್ಲಿ ಟಿಕ್ ಟಿಕ್ ಅನ್ನುವ ಮೆಟ್ರೋನೋಮ್ ಹಾಕಿ, ಅದನ್ನೇ ಮೈಕಿನಲ್ಲಿ ರೆಕಾರ್ಡ್ ಮಾಡಿದ. ಇಲ್ಲಿ ನುಡಿಸುವ ಮನುಷ್ಯನೇ ಇಲ್ಲ. ತಾಳ ತಪ್ಪಲು ಯಾರೂ ಇಲ್ಲ. ಆದರೂ ರೆಕಾರ್ಡ್ ಆದ ಟಿಕ್ ಮೂಲ ಟಿಕ್‌ಗಿಂತ ಸುಮಾರು 90 ಮಿಲಿಸೆಕೆಂಡ್ ಹಿಂದೆ ಕೂತಿತ್ತು. ಕಂಪ್ಯೂಟರಿನಲ್ಲಿ ಆಗುವ ಈ ತಡವೇ ಲೇಟೆನ್ಸಿ.

ಲೆಕ್ಕ ಹಾಕಿದೆ. ನಮ್ಮ ವರ್ಣದ ವೇಗ ನಿಮಿಷಕ್ಕೆ 80 ಎಣಿಕೆ. ಅಂದರೆ ಒಂದು ಎಣಿಕೆಗೆ 750 ಮಿಲಿಸೆಕೆಂಡ್. ಎಣಿಕೆಗೆ ನಾಲ್ಕು ಮಾತ್ರೆಯಾದರೆ ಮಾತ್ರೆಗೆ 187 ಚಿಲ್ಲರೆ. ಅದರಲ್ಲಿ 90 ಅಂದರೆ ಹತ್ತಿರ ಹತ್ತಿರ ಅರ್ಧ ಮಾತ್ರೆ. ಅರ್ಧ ಮಾತ್ರೆ ಹಿಂದೆ ಬಿದ್ದರೆ ಆದಿತಾಳ ಕಲಿಯುವ ಮಗುವಿಗೂ ಗೊತ್ತಾಗುತ್ತದೆ.

ಪುಣ್ಯಕ್ಕೆ ಮೇಷ್ಟ್ರ ರೆಕಾರ್ಡಿಂಗನ್ನು ಅಳಿಸಿರಲಿಲ್ಲ. ಅದನ್ನು ಅಷ್ಟೇ 90 ಮಿಲಿಸೆಕೆಂಡ್ ಮುಂದಕ್ಕೆ ಎಳೆದೆ. ಎಲ್ಲ ಪೆಟ್ಟೂ ಜಾಗಕ್ಕೆ ಬಂದು ಕೂತವು. ಮುಕ್ತಾಯವಂತೂ ವೀಣೆಯ ಮೀಟಿನ ನೆತ್ತಿಯ ಮೇಲೇ ಬಿದ್ದಿತ್ತು. ನನಗೆ ನಾಚಿಕೆಯಾಯಿತು. ಮಾರನೇ ದಿನ ಕೋಡುಬಳೆ ಕಟ್ಟಿಕೊಂಡು ಅವರ ಮನೆಗೆ ಹೋದೆ. ಫೋನಿನಲ್ಲಿ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಹಾಗಾದ್ರೆ ನಿಮ್ಮ ಕಂಪ್ಯೂಟರ್‌ಗೆ ತಾಳ ಹೇಳಿಕೊಡಿ ಮೇಡಂ" ಅಂದರು. ಕೋಡುಬಳೆ ತೆಗೆದುಕೊಂಡರು.

ಸರಿ, ಈಗ ಡಬ್ಬಿ.

ಮೊದಲು ಎಸ್‌ಪಿ ರಸ್ತೆಗೆ ಹೋದೆ. ಕಂಪ್ಯೂಟರ್ ಸಾಮಾನು ಅಂದರೆ ನಮ್ಮ ಊರಿನಲ್ಲಿ ಮೊದಲು ನೆನಪಾಗುವುದು ಅದೇ ಅಲ್ವಾ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದೆ. ಒಂದು ಅಂಗಡಿಯಲ್ಲಿ "ಆಡಿಯೋ ಇಂಟರ್‌ಫೇಸ್" ಅಂದಿದ್ದಕ್ಕೆ ಬೆರಳುದ್ದದ ಯುಎಸ್‌ಬಿ ಸೌಂಡ್ ಕಾರ್ಡ್ ಕೊಟ್ಟು "ಇದೇ ಅದು ಅಮ್ಮ" ಅಂದರು. ಕೆಲವು ನೂರು ರೂಪಾಯಿ ಹೋಯಿತು, ತಡ ಒಂಚೂರೂ ಕಡಿಮೆಯಾಗಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಮದುವೆ ಆರ್ಕೆಸ್ಟ್ರಾಗೆ ಆಗುವಂಥ ಮಿಕ್ಸರ್ ತೋರಿಸಿದರು. ಅದನ್ನು ಮಹಡಿಗೆ ಹತ್ತಿಸುವವರು ಯಾರು? ಕೊನೆಗೆ ಜಯನಗರದ ಒಬ್ಬ ಹುಡುಗನಿಂದ ಸೆಕೆಂಡ್ ಹ್ಯಾಂಡ್ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಕೊಂಡೆ. ಒಂಬತ್ತು ಸಾವಿರ ಕೊಟ್ಟೆ. ಇದು ಮೂರನೇ ತಲೆಮಾರಿನದು, 2019ರಲ್ಲಿ ಬಂದದ್ದು. 2023ರಲ್ಲಿ ನಾಲ್ಕನೆಯದೂ ಬಂದಿದೆ. ವೀಣೆಗೆ ಮೂರನೆಯದೇ ಧಾರಾಳ ಸಾಕು.

ನೋಡಲು ದಪ್ಪ ಪುಸ್ತಕದಷ್ಟಿದೆ. ಬೇರೆ ಅಡಾಪ್ಟರ್ ಬೇಡ, ಯುಎಸ್‌ಬಿ ವೈರಿನಲ್ಲೇ ಕರೆಂಟ್ ತೆಗೆದುಕೊಳ್ಳುತ್ತದೆ. ಮುಂದೆ ಎರಡು ಇನ್‌ಪುಟ್. ಮೈಕ್ ವೈರೂ ಹೋಗುತ್ತದೆ, ಗಿಟಾರ್ ವೈರೂ ಹೋಗುತ್ತದೆ. ತಿರುಗಿಸುವ ಗುಂಡಿಯ ಸುತ್ತ ಒಂದು ಬೆಳಕಿನ ಬಳೆ. ಹಸಿರಾದರೆ ಸರಿ, ಕೆಂಪಾದರೆ ಶಬ್ದ ಜಾಸ್ತಿಯಾಗಿ ಒಡೆಯುತ್ತಿದೆ ಅಂತ. ಕನ್ನಡಕ ಹುಡುಕದೆಯೇ ಕಾಣುತ್ತದೆ, ಅದು ನನಗೆ ಇಷ್ಟವಾಯಿತು. ವೀಣೆಗೆ ನಾನು ಅಂಟಿಸುವ ಕಾಂಟ್ಯಾಕ್ಟ್ ಮೈಕನ್ನು ಇನ್‌ಸ್ಟ್ ಅನ್ನುವ, ವಾದ್ಯಕ್ಕೆಂದೇ ಇರುವ ಗುಂಡಿ ಒತ್ತಿ ಹಾಕಬೇಕು. ಒತ್ತದೆ ಹಾಕಿದರೆ ಮಂದ್ರದ ತಂತಿ ಸೊರಗಿದ ಹಾಗೆ ಕೇಳುತ್ತದೆ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಗುಂಡಿಯೂ ಇದೆ. ಎರಡೂ ಇನ್‌ಪುಟ್‌ಗೆ ಸೇರಿ ಒಂದೇ ಗುಂಡಿ, ಅದು ತಿಳಿದಿರಲಿ.

ಆದರೆ ತಡ ಕಡಿಮೆಯಾಗಿದ್ದು ಡಬ್ಬಿ ತಂದ ದಿನವಲ್ಲ. ಅದಕ್ಕೆ ಇನ್ನೂ ಎರಡು ವಾರ ಹಿಡಿಯಿತು. ವೈರು ಸಿಕ್ಕಿಸಿ ರೀಪರ್ ತೆರೆದೆ. ಮೊದಲಿನ ಹಾಗೇ ತಡ. ದುಡ್ಡು ದಂಡವಾಯಿತು ಅಂದುಕೊಂಡೆ. ನೋಡಿದರೆ ಸೆಟ್ಟಿಂಗ್‌ನಲ್ಲಿ ಇನ್ನೂ ವೇವ್‌ಔಟ್ ಅಂತಲೇ ಇತ್ತು. ಅದು ವಿಂಡೋಸ್‌ನ ಹಳೆಯ ದಾರಿ. ಸಿನಿಮಾ ನೋಡಲು, ಹಾಡು ಕೇಳಲು ಏನೂ ತೊಂದರೆ ಇಲ್ಲ. ನುಡಿಸುವವರಿಗೆ ಆಗುವುದಿಲ್ಲ. ಅಲ್ಲಿ ಏಸಿಯೋ ಅನ್ನುವುದನ್ನು ಆರಿಸಬೇಕು. ಸ್ಟೈನ್‌ಬರ್ಗ್ ಅನ್ನುವ ಜರ್ಮನ್ ಕಂಪನಿ 1997ರಲ್ಲಿ ಹೊರತಂದದ್ದು ಅದು. ವಿಂಡೋಸ್‌ನ ನಡುವಿನ ಕಟ್ಟೆಗಳಲ್ಲಿ ನಿಲ್ಲದೆ, ಸಾಫ್ಟ್‌ವೇರ್ ಮತ್ತು ಡಬ್ಬಿ ನೇರವಾಗಿ ಮಾತಾಡುವ ದಾರಿ. ಅದಕ್ಕೆ ಡಬ್ಬಿ ಮಾಡಿದವರದೇ ಡ್ರೈವರ್, ಅಂದರೆ ಡಬ್ಬಿಯನ್ನು ನಡೆಸುವ ಪುಟ್ಟ ಸಾಫ್ಟ್‌ವೇರ್, ಹಾಕಿಕೊಳ್ಳಬೇಕು. ನಾನು ಹಾಕಿರಲೇ ಇಲ್ಲ. ಸಿಕ್ಕಿಸಿದರೆ ಶಬ್ದ ಬಂತಲ್ಲ, ಇನ್ನೇನು ಅಂತ ಸುಮ್ನೆ ಇದ್ದೆ. ಮ್ಯಾಕ್ ಇರುವವರಿಗೆ ಈ ತಲೆನೋವಿಲ್ಲ. ಅದರ ಕೋರ್ ಆಡಿಯೋ ಮೊದಲೇ ಆ ಕೆಲಸ ಮಾಡುತ್ತದೆ.

ಆಮೇಲೆ ಬಫರ್. ಇದನ್ನು ನಾನು ನನಗೇ ಹೀಗೆ ಪಾಠ ಮಾಡಿಕೊಂಡೆ. ಕನಕಪುರ ರಸ್ತೆಯಲ್ಲಿ ಮ್ಯಾಕ್ಸಿಕ್ಯಾಬ್ ನಿಂತಿರುತ್ತದಲ್ಲ, ಸೀಟು ತುಂಬುವವರೆಗೆ ಹೊರಡುವುದೇ ಇಲ್ಲ. ಬಫರ್ ಅಂದರೆ ಆ ಗಾಡಿಯ ಸೀಟು. ಶಬ್ದ ಸೆಕೆಂಡಿಗೆ 48,000 ತುಣುಕಾಗಿ ಬರುತ್ತಿರುತ್ತದೆ. ಗಾಡಿಯಲ್ಲಿ 1024 ಸೀಟಿದ್ದರೆ ತುಂಬಲು 21 ಮಿಲಿಸೆಕೆಂಡ್ ಬೇಕು. 256 ಆದರೆ 5.3. 128 ಆದರೆ 2.7. 64 ಆದರೆ 1.3. ಹೋಗುವಾಗ ಒಂದು ಗಾಡಿ, ವಾಪಸ್ ಬರುವಾಗ ಇನ್ನೊಂದು. ಹಾಗಾಗಿ ಎರಡರಿಂದ ಗುಣಿಸಿ. ಮೇಲೆ ಶಬ್ದವನ್ನು ಅಂಕಿಯಾಗಿಸುವುದಕ್ಕೆ, ಅಂಕಿಯನ್ನು ಮತ್ತೆ ಶಬ್ದವಾಗಿಸುವುದಕ್ಕೆ, ಯುಎಸ್‌ಬಿಯಲ್ಲಿ ಓಡಾಡುವುದಕ್ಕೆ ಒಂದಿಷ್ಟು ಸೇರುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ 128ಕ್ಕೆ ಇಟ್ಟರೆ ಹೋಗಿ ಬರುವ ಒಟ್ಟು ತಡ 10 ಮಿಲಿಸೆಕೆಂಡ್ ಆಸುಪಾಸು.

ಹಾಗಾದರೆ ಪುಟ್ಟ ಗಾಡಿಯನ್ನೇ ಓಡಿಸೋಣ ಅನ್ನುತ್ತೀರಿ. ನಾನೂ 32ಕ್ಕೆ ಇಳಿಸಿ ನೋಡಿದೆ. ಪುಟ್ಟ ಗಾಡಿ ಕ್ಷಣಕ್ಕೊಮ್ಮೆ ಹೊರಡುತ್ತದೆ, ಗಾಡಿ ಓಡಿಸುವವನಿಗೆ ಒಂದು ಗುಟುಕು ಟೀ ಕುಡಿಯಲೂ ಆಗುವುದಿಲ್ಲ. ಇಲ್ಲಿ ಓಡಿಸುವವನು ಅಂದರೆ ಕಂಪ್ಯೂಟರಿನ ಪ್ರೊಸೆಸರ್. ಅದು ಒಂದು ಕ್ಷಣ ಬೇರೆ ಕಡೆ ತಿರುಗಿದರೆ ರೆಕಾರ್ಡಿಂಗ್‌ನಲ್ಲಿ ಚಟ್ ಅಂತ ಶಬ್ದ. ಕಾಂಬೋಧಿ ರಾಗದ ಒಂದು ಉದ್ದ ಗಮಕದ ನಡುವೆ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಮೂರು ಸಲ ಚಟಗುಟ್ಟಿತು. ಮತ್ತೆ 128ಕ್ಕೆ ಬಂದೆ. ರೆಕಾರ್ಡ್ ಮಾಡುವಾಗ 128, ಆಮೇಲೆ ಕೂತು ಮಿಕ್ಸ್ ಮಾಡುವಾಗ 1024. ಮಿಕ್ಸ್ ಮಾಡುವಾಗ ತಡ ಆದರೆ ಯಾರಿಗೆ ನಷ್ಟ?

ಹತ್ತು ಮಿಲಿಸೆಕೆಂಡ್ ಜಾಸ್ತಿಯಾ ಕಡಿಮೆಯಾ? ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 10 ಮಿಲಿಸೆಕೆಂಡಿಗೆ ಮೂರೂವರೆ ಮೀಟರ್, ಅಂದರೆ ಹನ್ನೊಂದು ಅಡಿ. ಕಚೇರಿಯಲ್ಲಿ ಮೃದಂಗದವರು ನನ್ನಿಂದ ಐದಾರು ಅಡಿ ದೂರ ಕೂತಿರುತ್ತಾರೆ. ಅಲ್ಲೂ ಐದು ಮಿಲಿಸೆಕೆಂಡ್ ತಡ ಇದ್ದೇ ಇದೆ, ಯಾರೂ ಜಗಳ ಆಡಿಲ್ಲ. ಹಳೆಯ 90 ಮಿಲಿಸೆಕೆಂಡ್ ಅಂದರೆ ನೂರು ಅಡಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿ ನಡೆಯುತ್ತದಲ್ಲ, ಅಲ್ಲಿ ಪೆಂಡಾಲಿನ ಹಿಂದೆ, ಚುರುಮುರಿಯವನ ಹತ್ತಿರ ಕೂತು ವೇದಿಕೆಯವರ ಜೊತೆ ನುಡಿಸಲು ಹೋದ ಹಾಗೆ. ಮೇಷ್ಟ್ರ ಪೆಟ್ಟುಗಳನ್ನು ನಾನು ಅಲ್ಲಿ ಕೂರಿಸಿದ್ದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ. ತಡದಲ್ಲಿ ಎರಡು ಜಾತಿ ಇದೆ. ನಾವು ನುಡಿಸಿದ್ದು ನಮ್ಮ ಕಿವಿಗೇ ತಡವಾಗಿ ಬರುವುದು ಒಂದು. ನುಡಿಸಿದ್ದು ಕಂಪ್ಯೂಟರ್ ಒಳಗೆ ತಪ್ಪು ಜಾಗದಲ್ಲಿ ಕೂರುವುದು ಇನ್ನೊಂದು. ಮೇಷ್ಟ್ರಿಗೆ ಆಗಿದ್ದು ಎರಡನೆಯದು. ಮೃದಂಗದ ನಾದ ಅವರಿಗೆ ನೇರವಾಗಿಯೇ ಕೇಳುತ್ತಿತ್ತು, ಅದಕ್ಕೇ ಅವರಿಗೆ ಏನೂ ಗೊತ್ತಾಗಲಿಲ್ಲ. ಏಸಿಯೋ ಡ್ರೈವರ್ ತನ್ನ ತಡ ಎಷ್ಟು ಅಂತ ಸಾಫ್ಟ್‌ವೇರ್‌ಗೆ ಹೇಳುತ್ತದೆ. ಸಾಫ್ಟ್‌ವೇರ್ ರೆಕಾರ್ಡಿಂಗನ್ನು ಅಷ್ಟು ಮುಂದಕ್ಕೆ ತಾನೇ ಎಳೆದು ಕೂರಿಸುತ್ತದೆ. ನನ್ನ ಹಳೇ ಏರ್ಪಾಡಿನಲ್ಲಿ ಮೈಕು ಒಂದು ಸಾಧನ, ಹೆಡ್‌ಫೋನ್ ಲ್ಯಾಪ್‌ಟಾಪಿನದು. ಎರಡಕ್ಕೂ ಬೇರೆ ಬೇರೆ ಗಡಿಯಾರ. ಉದ್ದದ ರೆಕಾರ್ಡಿಂಗ್ ಆದರೆ ಅವು ನಿಧಾನಕ್ಕೆ ಒಂದರಿಂದ ಒಂದು ಜಾರುತ್ತವೆ. ಈಗ ಬರುವುದೂ ಹೋಗುವುದೂ ಒಂದೇ ಡಬ್ಬಿಯಲ್ಲಿ, ಗಡಿಯಾರವೂ ಒಂದೇ.

ನಂಬಿಕೆ ಸಾಲದವರು ಪರೀಕ್ಷೆ ಮಾಡಿ. ಡಬ್ಬಿಯ ಹಿಂದಿನ ಔಟ್‌ಪುಟ್‌ನಿಂದ ಮುಂದಿನ ಇನ್‌ಪುಟ್‌ಗೆ ಒಂದು ವೈರು ಹಾಕಿ. ಟಿಕ್ ಟಿಕ್ ನುಡಿಸಿ, ಹೊಸ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿ. ಎರಡು ಟಿಕ್‌ಗಳನ್ನೂ ದೊಡ್ಡದು ಮಾಡಿ ನೋಡಿ. ಅಂತರ ಉಳಿದಿದ್ದರೆ ಆ ಅಂಕಿಯನ್ನು ರೀಪರ್ ಸೆಟ್ಟಿಂಗ್‌ನಲ್ಲಿ ಬರೆದರೆ ಆಯಿತು, ಮುಂದೆ ತಾನೇ ಸರಿ ಮಾಡಿಕೊಳ್ಳುತ್ತದೆ. ಪರೀಕ್ಷೆಗೆ ಮೊದಲು ಡೈರೆಕ್ಟ್ ಮಾನಿಟರ್ ಗುಂಡಿ ಆಫ್ ಮಾಡಿ. ನಾನು ಮಾಡಿರಲಿಲ್ಲ. ಔಟ್‌ಪುಟ್‌ನಿಂದ ಇನ್‌ಪುಟ್‌ಗೆ, ಇನ್‌ಪುಟ್‌ನಿಂದ ಮತ್ತೆ ಔಟ್‌ಪುಟ್‌ಗೆ ಶಬ್ದ ಸುತ್ತಿ ಸುತ್ತಿ ಕಿರುಚಿತು. ಕೆಳಗಿನಿಂದ ನಮ್ಮ ಮನೆಯವರು ಓಡಿ ಬಂದರು. ಕುಕ್ಕರ್ ಸಿಡಿಯಿತು ಅಂದುಕೊಂಡಿದ್ದರಂತೆ.

ಆ ಗುಂಡಿಯೇ ಈ ಡಬ್ಬಿಯ ಜೀವ ಅಂತ ನನ್ನ ಅಭಿಪ್ರಾಯ. ಕಿವಿಗೆ ತಡವಾಗಿ ಬರುವ ಮೊದಲನೇ ಜಾತಿಗೆ ಮದ್ದು ಅದು. ಒತ್ತಿದರೆ ವೀಣೆಯ ಶಬ್ದ ಕಂಪ್ಯೂಟರ್‌ಗೆ ಹೋಗಿ ಬರುವ ಗೊಡವೆಯೇ ಇಲ್ಲದೆ ಡಬ್ಬಿಯಿಂದ ನೇರ ಹೆಡ್‌ಫೋನ್‌ಗೆ ಬರುತ್ತದೆ. ಬಫರ್ 1024 ಇದ್ದರೂ ಸರಿ, ಮೀಟಿದ ತಕ್ಷಣ ನಾದ. ಒಂದು ಸಲ ಒತ್ತಿದರೆ ಎರಡೂ ಇನ್‌ಪುಟ್ ಎರಡೂ ಕಿವಿಗೆ. ಇನ್ನೊಂದು ಸಲ ಒತ್ತಿದರೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಆದರೆ ಆಗ ರೀಪರ್‌ನಲ್ಲಿ ಆ ಟ್ರ್ಯಾಕಿನ ಮಾನಿಟರ್ ಆಫ್ ಮಾಡಬೇಕು. ಇಲ್ಲವಾದರೆ ನೇರ ಬಂದ ವೀಣೆ ಒಂದು, ಕಂಪ್ಯೂಟರ್ ಸುತ್ತಿ ಬಂದ ವೀಣೆ ಇನ್ನೊಂದು. ಬಾವಿಯೊಳಗೆ ಕೂತು ನುಡಿಸಿದ ಹಾಗೆ ಕೇಳುತ್ತದೆ. ನೇರದ ಶಬ್ದ ಎಷ್ಟು, ಕಂಪ್ಯೂಟರ್ ಶಬ್ದ ಎಷ್ಟು ಅಂತ ಬೆರೆಸುವ ಗುಂಡಿ ಇದರಲ್ಲಿಲ್ಲ. ನಾನು ರೀಪರ್‌ನಲ್ಲೇ ತಂಬೂರಿಯ ಶಬ್ದ ಇಳಿಸಿಕೊಳ್ಳುತ್ತೇನೆ.

ಅಕ್ಕನ ಮಗನಿಗೆ ಈ ಗುಂಡಿ ಬೇಡ. ಅವನ ಗಿಟಾರಿನ ಗುರ್ ಅನ್ನುವ ಶಬ್ದ ಹುಟ್ಟುವುದೇ ಕಂಪ್ಯೂಟರ್ ಒಳಗೆ. ನೇರ ಕೇಳಿದರೆ ಸಪ್ಪೆ ತಂತಿ ಶಬ್ದ ಅಷ್ಟೇ. ಅವನು ನನ್ನ ಡಬ್ಬಿಯಲ್ಲೇ 64 ಇಟ್ಟುಕೊಂಡು ನುಡಿಸುತ್ತಾನೆ. ಅವನಿಂದ ಒಂದು ಕಲಿತೆ: ಕೆಲವು ಎಫೆಕ್ಟುಗಳು ಮುಂದೇನು ಬರುತ್ತದೆ ಅಂತ ಇಣುಕಿ ನೋಡಿ ಕೆಲಸ ಮಾಡುತ್ತವೆ. ಆ ಇಣುಕುವುದಕ್ಕೇ ಹೊತ್ತು ಬೇಕು. ಅಂಥವು ಇದ್ದರೆ ಬಫರ್ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ. ರೆಕಾರ್ಡ್ ಮಾಡುವಾಗ ಅವನ್ನೆಲ್ಲ ಆಫ್ ಮಾಡಿ, ಆಮೇಲೆ ಹಾಕಿಕೊಳ್ಳಿ.

ದುಡ್ಡಿಲ್ಲದ ಕೆಲಸಗಳೂ ಇವೆ, ಅವನ್ನು ಮೊದಲು ಮಾಡಿ. ಬ್ಲೂಟೂತ್ ಹೆಡ್‌ಫೋನ್ ಕಳಚಿಡಿ. ನನ್ನ ಮಗಳು ಕೊಟ್ಟ ಉಡುಗೊರೆ ಚೆನ್ನಾಗಿಯೇ ಇದೆ, ವಾಕಿಂಗ್‌ಗೆ ಹಾಕಿಕೊಳ್ಳುತ್ತೇನೆ. ಆದರೆ ಮಾಮೂಲಿ ಬ್ಲೂಟೂತ್‌ನ ತಡವೇ ನೂರು ಮಿಲಿಸೆಕೆಂಡ್ ದಾಟುತ್ತದೆ, ಯಾವ ಡಬ್ಬಿಯೂ ಅದನ್ನು ಉಳಿಸುವುದಿಲ್ಲ. ರೆಕಾರ್ಡ್ ಮಾಡುವಾಗ ಚಾರ್ಜರ್ ಹಾಕಿ, ವಿಂಡೋಸ್ ಪವರ್ ಸೆಟ್ಟಿಂಗನ್ನು ಹೈ ಪರ್ಫಾರ್ಮೆನ್ಸ್‌ಗೆ ಇಡಿ. ವೈಫೈ ಆಫ್ ಮಾಡಿ. ನನ್ನ ಚಟಗುಟ್ಟುವಿಕೆಯಲ್ಲಿ ಅರ್ಧ ವೈಫೈಯಿಂದಲೇ ಬರುತ್ತಿತ್ತು. ಲೇಟೆನ್ಸಿಮಾನ್ ಅನ್ನುವ ಸಾಫ್ಟ್‌ವೇರ್ ಹಾಕಿದರೆ ಯಾವ ಡ್ರೈವರ್ ಪ್ರೊಸೆಸರನ್ನು ಹಿಡಿದಿಟ್ಟುಕೊಂಡಿದೆ ಅಂತ ಹೆಸರು ಸಮೇತ ತೋರಿಸುತ್ತದೆ. ಡಬ್ಬಿಯನ್ನು ಯುಎಸ್‌ಬಿ ಹಬ್‌ಗೆ ಹಾಕಬೇಡಿ, ಲ್ಯಾಪ್‌ಟಾಪಿಗೇ ಸಿಕ್ಕಿಸಿ.

ಆನ್‌ಲೈನ್ ಪಾಠ ಮಾಡುವ ಗೆಳತಿಯೊಬ್ಬರು "ಇದನ್ನ ತಗೊಂಡ್ರೆ ನ್ಯೂಜೆರ್ಸಿ ಶಿಷ್ಯೆ ಜೊತೆ ಒಟ್ಟಿಗೇ ನುಡಿಸಬಹುದಾ?" ಅಂತ ಕೇಳಿದರು. ಆಗುವುದಿಲ್ಲ. ಅಲ್ಲಿಗೆ ಹದಿಮೂರು ಸಾವಿರ ಕಿಲೋಮೀಟರ್ ದೂರ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋದರೂ, ಒಂದು ಕಡೆಗೇ 65 ಮಿಲಿಸೆಕೆಂಡ್. ನಿಜದಲ್ಲಿ ಇನ್ನೂ ಜಾಸ್ತಿ. ಪಾಠಕ್ಕೆ ಇದರಿಂದ ನಾದ ಚೆನ್ನಾಗಿ ಕೇಳುತ್ತದೆ, ಅಷ್ಟೇ.

ಯಾರು ಕೊಳ್ಳಬೇಕು? ಒಬ್ಬರೇ ನುಡಿಸಿ, ಅದರ ಮೇಲೆ ಇನ್ನೊಂದು ವಾದ್ಯ ಕೂರಿಸುವವರು ಕಣ್ಣು ಮುಚ್ಚಿ ಕೊಳ್ಳಬಹುದು. ಒಂದು ಮೈಕು, ಒಂದು ಗಿಟಾರ್ ಸಾಕು ಅನ್ನುವವರಿಗೆ ಇದರ ತಮ್ಮ ಸ್ಕಾರ್ಲೆಟ್ ಸೋಲೋ ಇದೆ, ಅದು ಇನ್ನೂ ಅಗ್ಗ. ನನಗೆ ಎರಡು ಮೈಕ್ ಬೇಕೇ ಬೇಕು, ಮೃದಂಗದ ಎಡಕ್ಕೊಂದು ಬಲಕ್ಕೊಂದು. ಸುಮ್ನೆ ತಂಬೂರಿ ಹಾಕಿಕೊಂಡು ಒಬ್ಬರೇ ನುಡಿಸಿ ಫೋನಿನಲ್ಲಿ ಕಳಿಸುವವರು ಯಾವ ಡಬ್ಬಿಯನ್ನೂ ಕೊಳ್ಳಬೇಕಾಗಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿದಿದ್ದು ಹೆಡ್‌ಫೋನ್ ತೂತು ಒಂದೇ ಇರುವುದಕ್ಕೆ. ಇಬ್ಬರೂ ಕೇಳಬೇಕಾದಾಗ ಒಂದು ಕವಲು ವೈರು ಬೇಕಾಗುತ್ತದೆ.

ಮೇಷ್ಟ್ರು ಈಗ ಗುರುವಾರ ಗುರುವಾರ ಬರುತ್ತಾರೆ. ಕೂತ ತಕ್ಷಣ ಮೊದಲು ಡಬ್ಬಿಯ ಹಸಿರು ಬಳೆ ನೋಡುತ್ತಾರೆ, ಆಮೇಲೆ ಶ್ರುತಿ ಮಾಡುತ್ತಾರೆ. ಮುಂದಿನ ವಾರ ಘಟದವರನ್ನೂ ಕರೆದುಕೊಂಡು ಬರುತ್ತಾರಂತೆ. "ಇರೋದೇ ಎರಡು ಇನ್‌ಪುಟ್ ಮೇಷ್ಟ್ರೇ" ಅಂದೆ. "ಘಟಕ್ಕೆ ಯಾಕೆ ಮೇಡಂ ವೈರು, ನನ್ನ ಪಕ್ಕದಲ್ಲೇ ಕೂರಲಿ ಬಿಡಿ" ಅಂದರು.